ಚಹಾ ಬೇಡವೆಂದ ಜರ್ಮನ್ ಅತಿಥಿ

"ತುಂಗಭದ್ರಾ ಹೊಳಿ ಈಜಿದಾಂವ ನಾನು! ಜರ್ಮನ್ ಏನ್ ಮಹಾ? ಅರದ ಕುಡಿತೀನಿ!"

ಮುಂಡರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಕೊಟ್ರೇಶ ಹೀಗೆಂದು ಮೀಸೆ ತಿರುವಿದಾಗ, ನರ್ಸ್ ಆಗಿರುವ ಹೆಂಡತಿ ಸುನಿತಾ ಪುಸ್ತಕದಿಂದ ತಲೆ ಎತ್ತಲಿಲ್ಲ. ಈಜಿದ್ದೇನೋ ಖರೆ. ಕೊರ್ಲಹಳ್ಳಿಯಲ್ಲಿ, ಕಡುಬೇಸಿಗೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ!

ಜರ್ಮನಿಯ ಆಸ್ಪತ್ರೆಯಲ್ಲಿ ನೌಕರಿ ಹಿಡಿಯಬೇಕೆಂದು ಸುನಿತಾ ಹಟ ತೊಟ್ಟಿದ್ದಳು. ಹುಬ್ಬಳ್ಳಿಯಿಂದ ಆನ್‌ಲೈನಿನಲ್ಲಿ ಕಲಿಸುವ ಮಂಜುಳಾ ಮೇಡಂ ಭಾನುವಾರ ಮಾತಿನ ಪರೀಕ್ಷೆ ಇಟ್ಟಿದ್ದರು. ಪಾಸಾದರೆ ದೊಡ್ಡ ಪರೀಕ್ಷೆಗೆ ಹೆಸರು, ಇಲ್ಲವಾದರೆ ಮುಂದಿನ ವರ್ಷ. ಅವಳ ಜೀವ ಹಿಂಡುತ್ತಿದ್ದವು ಮೂರು ಕ್ರಿಯಾಪದಗಳು: ಬೀಟನ್, ಬಿಟನ್, ಬೇಟನ್. ಮೊದಲನೆಯದು ಮುಂದೆ ಹಿಡಿದು ಕೊಡುವುದು, ಎರಡನೆಯದು ಬೇಡಿಕೊಳ್ಳುವುದು, ಮೂರನೆಯದು ಪ್ರಾರ್ಥಿಸುವುದು. ಹೆದರಿದಳೆಂದರೆ ಮುಗಿಯಿತು, ರೋಗಿಗೆ ಗುಳಿಗೆ ಕೊಡುವ ಬದಲು ಪ್ರಾರ್ಥನೆ ಮಾಡಿಬಿಡುತ್ತಿದ್ದಳು!

ಕೊಟ್ರೇಶ ಬೀಜ ತೂಗುತ್ತಲೇ ಆ ಮೂರನ್ನು ಬಾಯಿಪಾಠ ಮಾಡಿದ. ಅವನ ಜರ್ಮನ್ ಪಾಂಡಿತ್ಯ ಅಲ್ಲಿಗೆ ಸಂಪೂರ್ಣ.

"ಇಷ್ಟೂ ತಿಳಿವಲ್ದೇನ ನಿನಗ? ಪರೀಕ್ಷಾದಾಗ ಬಾಜೂಕ ನಿಂತು ಹೇಳಿಕೊಡ್ತೀನಿ ತಗೋ."

"ನೀವು ಅಡಿಗಿ ಮನ್ಯಾಗ ಸುಮ್ಕ ಕುಂತ್ರ ಅದ ದೊಡ್ಡ ಉಪಕಾರ ಆಕ್ಕೈತ್ರಿ!"

ಕುಳಿತಾನೆಯೇ? ಭಾನುವಾರ ಮಹಾಶಯ ಬಾಗಿಲ ಪರದೆಯ ಹಿಂದೆ ಹಾಜರ್.

ಲ್ಯಾಪ್‌ಟಾಪಿನಲ್ಲಿ ಮೇಡಂ ಜರ್ಮನ್ ಅತಿಥಿಯ ಪಾತ್ರ ಹಾಕಿದರು. ಸುನಿತಾ ಚಹಾ ಕೊಡಬೇಕು. ಪುಣ್ಯಕ್ಕೆ ಕ್ರಿಯಾಪದ ಸರಿಯಾಗಿ ನಾಲಿಗೆಗೆ ಬಂತು. ಅತಿಥಿ ಬೇಡವೆಂದರು. ಸುನಿತಾ ಆಗಲಿ ಎಂದು ಬಿಟ್ಟಳು. ಆ ದೇಶದಲ್ಲಿ ಬೇಡ ಎಂದರೆ ಬೇಡವೇ ಎಂದು ಮೇಡಂ ಮೊದಲೇ ಕಲಿಸಿದ್ದರು.

ಕೊಟ್ರೇಶನಿಗೆ ಯಾರು ಕಲಿಸಬೇಕು? ಅವನ ಮನೆತನದಲ್ಲಿ ಮೊದಲ 'ಬ್ಯಾಡ'ಕ್ಕೆ ಕಿವಿಗೊಟ್ಟವರೇ ಇಲ್ಲ! ಊಟಕ್ಕೆ ಕುಳಿತವರು ತಾಟಿಗೆ ಕೈ ಅಡ್ಡ ಹಿಡಿದರೆ ಕೈಮೇಲೇ ರೊಟ್ಟಿ ಬೀಳುವ ಮನೆ ಅದು.

"ಒಮ್ಮೆ ಬ್ಯಾಡ ಅಂದ್ರ ಬಿಡೂದೇನ? ನಮ್ಮ ಮರ್ಯಾದಿ ಏನಾತು? ಇನ್ನೊಮ್ಮೆ ಕೇಳ!"

ಸುನಿತಾ ಕಣ್ಣು ಕೆಕ್ಕರಿಸಿದಳು. ಅವನು ಅಡಿಗೆಮನೆಗೆ ಓಡಿದ, ಖರೇ ಚಹಾದ ಕಪ್ಪು ಮತ್ತು ಮಂಡಕ್ಕಿ ಗಿರ್ಮಿಟ್ಟಿನ ತಾಟು ಹಿಡಿದು ಕ್ಯಾಮೆರಾದ ಮುಂದೆ ಪ್ರತ್ಯಕ್ಷನಾದ!

"ಬೀಟನ್!" ಎಂದು ಕಪ್ಪು ಚಾಚಿದ. ಮೇಡಂ ಬೇಡವೆಂದು ತಲೆಯಾಡಿಸಿದರು. ಕಪ್ಪು ಮೇಜಿನ ಮೇಲಿಟ್ಟು "ಬಿಟನ್! ಬಿಟನ್!" ಎಂದು ಗೋಗರೆದ. ಮೇಡಂ ಕೈ ಅಡ್ಡ ಹಿಡಿದರು. ಕೊನೆಗೆ "ಬೇಟನ್!" ಎಂದು ಎರಡೂ ಕೈ ಜೋಡಿಸಿದ. ಕೈ ಜೋಡಿಸಬೇಕಾದರೆ ತಾಟು ಬಿಡಬೇಕಲ್ಲ? ಗಿರ್ಮಿಟ್ಟೆಲ್ಲ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ!

ಮೂರೂ ಪದ ಸರಿಯಾಗಿಯೇ ಬಂದಿದ್ದವೆನ್ನಿ. ಒಂದು ಕಪ್ಪು ಚಹಾಕ್ಕೆ ಮೂರೂ ಬೇಕಾಗುವುದು ನಮ್ಮ ಕಡೆ ಮಾತ್ರ.

"ನಾನೂ ಹುಲಕೋಟಿ ಹೆಣ್ಮಗಳರಿ," ಎಂದು ಮೇಡಂ ಕನ್ನಡಕ್ಕಿಳಿದರು. "ಈ ಉಪಚಾರ ನನಗ ಗೊತ್ತೈತಿ. ಆದ್ರ ಪರೀಕ್ಷಾ ನಿಮ್ದಲ್ಲ. ಸುನಿತಾ, ಕಡೀ ಪ್ರಶ್ನಿ. ಇವರನ್ನ ಜರ್ಮನ್‌ದಾಗ ಹೊರಗ ಕಳಸ್ರಿ."

ಸುನಿತಾ ಎದ್ದು ನಿಂತಳು. ಮದುವೆಯಾದಾಗಿನಿಂದ ಹೊಟ್ಟೆಯಲ್ಲಿ ಕೂಡಿಟ್ಟದ್ದೆಲ್ಲ ಜರ್ಮನ್‌ನಲ್ಲಿ ಧೋ ಎಂದು ಸುರಿಯಿತು. ಎಲ್ಲೂ ತಡೆಯಲಿಲ್ಲ, ಒಂದು ಕ್ರಿಯಾಪದವೂ ಜಾರಲಿಲ್ಲ. ಕೊಟ್ರೇಶನಿಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಖಾಲಿ ತಾಟು ಎತ್ತಿಕೊಂಡು ತೆಪ್ಪಗೆ ಹೊರನಡೆದ.

"ಭೇಷ್!" ಮೇಡಂ ಚಪ್ಪಾಳೆ ತಟ್ಟಿದರು. "ಭಾಷಾ ಬರಲಾರ್ದವ್ರಿಗೂ ತಿಳಿಯೂಹಂಗ ಮಾತಾಡಿದ್ರಿ. ಪಾಸ್!"