ಸೋದರಮಾವನ ಸೆರಾಮಿಕ್ ಕೋಟಿಂಗ್

ಕಾರು ಕೊಳ್ಳುವವರೆಗೂ ನಾನು ಬಹಳ ಉದಾರಿ ಎಂದು ನನ್ನ ಬಗ್ಗೆ ನಾನೇ ತಿಳಿದುಕೊಂಡಿದ್ದೆ. ಹಾಗೆ ತಿಳಿಯಲು ಕಾರಣವೂ ಇತ್ತು. ನನ್ನ ಹತ್ತಿರ ಇನ್ನೊಬ್ಬರು ಕೇಳುವಂಥ ವಸ್ತು ಒಂದೂ ಇರಲಿಲ್ಲ. ಐನಾಪುರದ ಬಜಾರದಲ್ಲಿ ನನ್ನದೊಂದು ಸಣ್ಣ ಔಷಧಿ ಅಂಗಡಿ. ಕಾಯಿಲೆ ಬಾರದೆ ಅಲ್ಲಿಗೆ ಯಾರೂ ಬರುವುದಿಲ್ಲ. ನನ್ನ ಹಳೆಯ ಸ್ಕೂಟರನ್ನು ಮಾತ್ರ ಯಾರು ಬೇಕಾದರೂ ಒಯ್ಯುತ್ತಿದ್ದರು. ಒಯ್ದವರು ಅರ್ಧ ದಾರಿಯಿಂದ ಅದನ್ನು ತಳ್ಳಿಕೊಂಡು ಬಂದು, ಬೆವರು ಒರೆಸಿಕೊಳ್ಳುತ್ತ ಕೀಲಿ ಕೊಡುತ್ತಿದ್ದರು. ಎರಡನೆಯ ಸಲ ಕೇಳುತ್ತಿರಲಿಲ್ಲ. ಹೀಗೆ ಕೊಡುಗೈ ದೊರೆ ಎಂಬ ಹೆಸರೂ ಬಂತು, ಸ್ಕೂಟರೂ ಮನೆಯಲ್ಲೇ ಉಳಿಯಿತು. ಇಷ್ಟು ಅಗ್ಗದಲ್ಲಿ ಸಿಕ್ಕ ಕೀರ್ತಿ ಕಾರು ಬಂದ ಮೇಲೆ ಉಳಿಯಲಿಲ್ಲ ಎಂಬುದೇ ನನ್ನ ಕಥೆ.

ಕಾರಿನ ಬಣ್ಣ ಕಪ್ಪು. ಅದನ್ನು ಆರಿಸಿದವನು ನಾನು. ನನ್ನ ಹೆಂಡತಿ ಗೀತಾ ಷೋರೂಮಿನಲ್ಲೇ, "ಕರೀ ಗಾಡಿ ಬ್ಯಾಡ್ರಿ, ನಮ್ಮ ಊರಾಗ ಧೂಳ ಭಾಳ ಕಾಣತೈತಿ" ಎಂದಿದ್ದಳು. "ಧೂಳು ಎಲ್ಲಾ ಗಾಡಿ ಮ್ಯಾಲೂ ಕುಂಡ್ರತೈತಿ, ಇದರಾಗ ಕಾಣತೈತಿ ಅಷ್ಟ" ಎಂದು ನಾನು ದೊಡ್ಡ ತತ್ವಜ್ಞಾನಿಯಂತೆ ಉತ್ತರ ಕೊಟ್ಟೆ. ಕಾರು ಮನೆಗೆ ಬಂದದ್ದು ಕಬ್ಬಿನ ಹಂಗಾಮಿನಲ್ಲಿ. ಆಗ ನಮ್ಮ ಕಡೆ ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳದ್ದೇ ದರಬಾರು. ಕಟಾವಾದ ಹೊಲದಲ್ಲಿ ರವದಿ ಸುಡುತ್ತಾರೆ. ಆ ಒಣ ಸೋಗೆಯ ಬೂದಿ ಗಾಳಿಯಲ್ಲಿ ತೇಲಿಕೊಂಡು ಬಂದು, ಊರಿನ ಬೇರೆಲ್ಲ ಜಾಗ ಬಿಟ್ಟು ನನ್ನ ಬಾನೆಟ್ಟಿನ ಮೇಲೆ ಇಳಿಯುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕಪ್ಪು ಕಾರು ಬೂದು ಬಣ್ಣದ್ದಾಗಿರುತ್ತಿತ್ತು. ಒರೆಸಿದರೆ ಗೀರು, ಒರೆಸದಿದ್ದರೆ ಸಂಕಟ. ಅಂಗಡಿಯಲ್ಲಿ ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆನೋವಿನದು ಕೊಡತೊಡಗಿದೆ.

ನನ್ನ ಅವಸ್ಥೆ ಕಂಡು ಚಿಕ್ಕೋಡಿಯ ಗೆಳೆಯನೊಬ್ಬ, "ಸೆರಾಮಿಕ್ ಕೋಟಿಂಗ್ ಮಾಡ್ಸಿಬಿಡೋ ಮಾರಾಯಾ" ಎಂದ. ಸೆರಾಮಿಕ್ ಎಂದರೆ ನನಗೆ ಗೊತ್ತಿದ್ದದ್ದು ಉಪ್ಪಿನಕಾಯಿಯ ಭರಣಿ ಮತ್ತು ಬಚ್ಚಲಿನ ಒಂದು ವಸ್ತು ಮಾತ್ರ. ಇವೆರಡರಲ್ಲಿ ನನ್ನ ಕಾರು ಯಾವುದಾಗುತ್ತದೆ ಎಂಬ ಭಯದಲ್ಲೇ ನಿಪ್ಪಾಣಿಗೆ ಹೋದೆ. ಹೆದ್ದಾರಿಯ ಪಕ್ಕದ ಆ ಅಂಗಡಿಯ ಮಾಲಕನ ಹೆಸರು ಸಚಿನ್. ಕಾರಿನ ಬಣ್ಣದ ಮೇಲೆ ಕಣ್ಣಿಗೆ ಕಾಣದ ಗಾಜಿನಂಥ ಪೊರೆಯೊಂದನ್ನು ಬಳಿಯುವುದು ಅವನ ಕಸಬು. ಅದನ್ನು ಜಾದೂಗಾರನ ಧಾಟಿಯಲ್ಲಿ ವರ್ಣಿಸುವುದು ಅವನ ಹವ್ಯಾಸ. ಕೋಟಿಂಗ್ ಮಾಡಿದ ತಗಡಿನ ಮೇಲೆ ಒಂದು ಚೊಂಬು ನೀರು ಸುರಿದ. ನೀರು ಪಾದರಸದಂತೆ ಗುಳಿಗೆ ಗುಳಿಗೆಯಾಗಿ ಉರುಳಿ ಕೆಳಗೆ ಬಿತ್ತು. "ಬಘಾ ಸಾಹೇಬ, ನೋಡ್ರಿ! ನೀರ ನಿಲ್ಲಂಗಿಲ್ಲ, ಧೂಳ ಕುಂಡ್ರಂಗಿಲ್ಲ, ಏನಂದ್ರ ಏನೂ ಹತ್ತಂಗಿಲ್ಲ!" ಎಂದ. ಔಷಧಿ ಮಾರುವ ನನಗೆ ಇಷ್ಟು ಧೈರ್ಯದಿಂದ ಒಂದು ಗುಳಿಗೆಯನ್ನೂ ಹೊಗಳಲು ಬಂದಿಲ್ಲ. ಅಲ್ಲೇ ಸೋತುಹೋದೆ.

ಕೀಲಿ ಕೊಡುವಾಗ ಮಾತ್ರ ಪಥ್ಯ ಹೇಳಿದ. ಪೊರೆ ಗಟ್ಟಿಯಾಗಲು ಒಂದು ವಾರ ಬೇಕು. ಅಲ್ಲಿಯವರೆಗೆ ನೀರು ತಾಗಬಾರದು, ಗಿಡದ ಕೆಳಗೆ ನಿಲ್ಲಿಸಬಾರದು, ಯಾರೂ ಕೈಯಿಂದ ತಿಕ್ಕಬಾರದು, ಮೇಲೆ ಏನನ್ನೂ ಅಂಟಿಸಬಾರದು. ನನ್ನ ಹೆಂಡತಿಯ ಎರಡು ಬಾಣಂತನದಲ್ಲೂ ವೈದ್ಯರು ಇಷ್ಟು ಪಥ್ಯ ಹೇಳಿರಲಿಲ್ಲ.

ಮನೆಗೆ ಬಂದರೆ ಬಾಗಿಲಲ್ಲೇ ಅವ್ವ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ದೂರದ ಊರಿಗೆ ಹೋಗಿ ಬಂದ ಗಾಡಿ, ದೃಷ್ಟಿಯಾಗಿರುತ್ತದೆ ಎಂದು ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆಯಲು ಬೆರಳು ಅದ್ದಿಯೇಬಿಟ್ಟಿದ್ದಳು. ನಾನು ಇಂಜಿನ್ನನ್ನೂ ಆರಿಸದೆ ಇಳಿದು ಓಡಿ, ಅಡ್ಡ ನಿಂತೆ.

"ಅವ್ವಾ, ಮ್ಯಾಲೆ ಬ್ಯಾಡ. ಟಾಯರಿಗೆ ಪೂಜಿ ಮಾಡು."

"ದೇವರು ಟಾಯರನ್ಯಾಗ ಕುಂತಿರ್ತಾನೇನೋ ಮಂಗ್ಯಾ?"

"ಒಂದ ವಾರ ಅಲ್ಲೇ ಕುಂಡ್ರಲಿ ಅವ್ವಾ, ಆಮ್ಯಾಲ ಮ್ಯಾಲ ಬರ್ಲಿ."

ಅವ್ವ ಆ ಕುಂಕುಮವನ್ನು ನನ್ನ ಹಣೆಗೇ ಬಲವಾಗಿ ಒತ್ತಿ ಒಳಗೆ ಹೋದಳು. ದೃಷ್ಟಿಯಲ್ಲ, ಬೇರೇನೋ ಹಿಡಿದಿದೆ ಎಂದು ಅವಳಿಗೆ ಅನಿಸಿರಬೇಕು. ಮರುದಿನ ಬೆಳಿಗ್ಗೆ ನಮ್ಮ ಓಣಿಯ ಬೆಕ್ಕು ವಾಡಿಕೆಯಂತೆ ಬಾನೆಟ್ಟಿನ ಮೇಲೆ ಹಾರಿತು. ಕಾಲು ನಿಲ್ಲಲಿಲ್ಲ. ಜಾರುಬಂಡಿಯಲ್ಲಿ ಇಳಿದಂತೆ ಸರ್ರನೆ ಇಳಿದು ನೆಲಕ್ಕೆ ಕುಳಿತು, ನನ್ನ ಮುಖ ನೋಡಿತು. ಹೊಸ ಕಾರಿನ ಗರ್ವಕ್ಕೆ ನೆಂಟರು ಬೇಸರಗೊಳ್ಳುವುದನ್ನು ಕೇಳಿದ್ದೆ. ಬೆಕ್ಕಿನ ಮುಖದಲ್ಲೂ ಅದೇ ಬೇಸರ ಕಂಡೆ.

ನಿಜವಾದ ನೆಂಟರ ಸರದಿ ಅದೇ ಮಧ್ಯಾಹ್ನ ಬಂತು. ಕಾಗವಾಡದಿಂದ ಶಾರದಕ್ಕ ಬಂದಳು. ನನ್ನ ಒಬ್ಬಳೇ ಅಕ್ಕ. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಟೊಂಕದ ಮೇಲೆ ಹೊತ್ತು ಊರೆಲ್ಲ ಸುತ್ತಿದವಳು. ಆಗ ನಾನು ಅವಳ ಲಂಗದ ಮೇಲೆ ಏನೇನು ಅಂಟಿಸಿದ್ದೆನೋ, ಅವಳು ಯಾವ ಪಥ್ಯವನ್ನೂ ಹೇಳಿರಲಿಲ್ಲ. ಅವಳ ಮಗ ಶಿವಾನಂದನ ಮದುವೆ ನಾಲ್ಕು ದಿನಕ್ಕಿತ್ತು. ಹುಡುಗಿ ಸವಿತಾ, ಅಥಣಿಯವಳು. ಮದುವೆಯೂ ಅಥಣಿಯ ಮಂಗಲ ಕಾರ್ಯಾಲಯದಲ್ಲಿ.

"ತಮ್ಮಾ, ಮದುಮಗ ನಿನ್ನ ಹೊಸ ಗಾಡ್ಯಾಗ ಹೊಂಡಬೇಕು. ಸೋದರಮಾವನ ಗಾಡಿ ಇರಬೇಕಾದ್ರ ಬ್ಯಾರೇದವರ ಗಾಡಿ ಯಾಕ? ಹೂವಿನವರಿಗೆ ಹೇಳೇನಿ" ಎಂದಳು ಅಕ್ಕ, ಕೇಳುವ ಧಾಟಿಯಲ್ಲಲ್ಲ, ಸುದ್ದಿ ತಿಳಿಸುವ ಧಾಟಿಯಲ್ಲಿ.

ನನ್ನ ಬಾಯಿಂದ, "ಅಕ್ಕಾ, ವಾರ ಆಗೂತನಾ ಅದರ ಮ್ಯಾಲ ಏನೂ ಹಚ್ಚಬಾರದಂತ" ಎಂಬ ಮಾತು ಹೊರಟೇಹೋಯಿತು.

ಅಕ್ಕ ಕೆಳಗಿಟ್ಟಿದ್ದ ಚೀಲಕ್ಕೆ ಕೈ ಹಾಕಿದಳು. "ಹಂಗಾದ್ರ ಮುಹೂರ್ತಾನ ಮುಂದ ಹಾಕ್ತೀನಿ ತಗೋ. ಬೀಗರಿಗೆ ಹೇಳ್ತೀನಿ, ನಮ್ಮ ತಮ್ಮನ ಗಾಡಿ ಇನ್ನಾ ಒಣಗಿಲ್ಲ ಅಂತ" ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಊಟಕ್ಕೂ ನಿಲ್ಲಲಿಲ್ಲ. ಅವಳನ್ನು ಬಸ್ಸಿಗೆ ಬಿಟ್ಟುಬಂದ ಗೀತಾ ನನ್ನ ಕಡೆ ನೋಡದೆಯೇ, "ನಾಳೆ ನಮ್ಮ ಮಗಳ ಲಗ್ನಕ್ಕ ಆರತಿ ಹಿಡಿಯಾಕ ಯಾರ್ನ ಕರೀತೀರಿ? ಆ ನಿಪ್ಪಾಣಿ ಸಚಿನ್‌ನ?" ಎಂದಳು. ಅಂದು ನನಗೆ ಊಟ ಸೇರಲಿಲ್ಲ. ಎದ್ದು ಹೋಗಿ ಕಾರಿನ ಸುತ್ತ ತಿರುಗಿದೆ. ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಮುಖ ಬಹಳ ಸ್ಪಷ್ಟವಾಗಿ ಕಾಣುತ್ತಿದ್ದುದೇ ತೊಂದರೆ. ಸಂಜೆಯೇ ಅಕ್ಕನಿಗೆ ಫೋನ್ ಮಾಡಿ ಒಪ್ಪಿಕೊಂಡೆ. "ಒಣಗಿತೇನು?" ಎಂದು ಕೇಳಿ ಅವಳು ಫೋನ್ ಇಟ್ಟಳು.

ಮದುವೆಯ ದಿನ ಕಾಗವಾಡದ ಅಕ್ಕನ ಮನೆಯ ಮುಂದೆ ಹೂವಿನ ಡೆಕೋರೇಶನ್ನಿನವನು ತನ್ನ ಕೆಲಸ ಶುರುಮಾಡಿದ. ಥರ್ಮಾಕೋಲಿನಲ್ಲಿ ಕತ್ತರಿಸಿದ ಬಂಗಾರ ಬಣ್ಣದ ಅಕ್ಷರಗಳು: ಮೇಲಿನ ಸಾಲಿನಲ್ಲಿ 'ಶಿವಾನಂದ', ಕೆಳಗಿನ ಸಾಲಿನಲ್ಲಿ 'ಸವಿತಾ'. ಬಾನೆಟ್ಟಿನ ಮೇಲೆ ಟೇಪು ಹಚ್ಚಿದ, ಜಾರಿತು. ಮತ್ತೆ ಹಚ್ಚಿದ, ಮತ್ತೆ ಜಾರಿತು. "ಏನ್ರಿ ಇದು, ಹತ್ತವಲ್ದಲ್ರಿ ಸಾಹೇಬ್ರ! ಎಣ್ಣಿ ಹಚ್ಚೀರೇನು?" ಎಂದ. ಅಷ್ಟು ಆತಂಕದಲ್ಲೂ ನನಗೆ ಹೆಮ್ಮೆಯಾಯಿತು. ಸಚಿನ್ ಸುಳ್ಳು ಹೇಳಿರಲಿಲ್ಲ. ಅವನು ಅಂಗೈಯಿಂದ ಒತ್ತಲು ಹೋದಾಗಲೆಲ್ಲ ನಾನು, "ಹಗೂರ್ಕ, ಹಗೂರ್ಕ! ಬಣ್ಣ, ಬಣ್ಣ!" ಎಂದು ಕೂಗುತ್ತಿದ್ದೆ. ಕೊನೆಗೆ ಅವನು ಬೇಸತ್ತು, ಅಕ್ಷರಗಳನ್ನು ಹೂವಿನ ಮೇಲೆ ಹೂ ಇಟ್ಟಷ್ಟು ಮೆತ್ತಗೆ ಇಟ್ಟು, ಮೇಲೆ ಅಡ್ಡಡ್ಡ ಒಂದು ಝೆಂಡು ಹೂವಿನ ಮಾಲೆ ಬಿಗಿದು, "ಇನ್ನ ನೀವಾತು, ನಿಮ್ಮ ಬಣ್ಣಾತು" ಎಂದು ಹೋದ.

ನಾನೇ ಚಾಲಕ. ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡ ಶಿವಾನಂದ. ಬಾಸಿಂಗದ ಮುತ್ತಿನ ಸರಗಳಿಂದಾಗಿ ಅವನಿಗೆ ತನ್ನ ಮೂಗಿನಾಚೆ ಏನೂ ಕಾಣುತ್ತಿರಲಿಲ್ಲ. ಹಿಂದೆ ಅಕ್ಕ, ಗೀತಾ, ಅವ್ವ. ಅಥಣಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ, ಸೋಗೆ ತಾಗೀತೆಂದು ಬಹಳ ದೂರದಲ್ಲಿ, ಎತ್ತಿನ ನಡಿಗೆಯಲ್ಲಿ ಹೊರಟೆ. ನಮ್ಮ ದಿಬ್ಬಣದ ಟೆಂಪೊ ಹಾರ್ನ್ ಮಾಡುತ್ತ ನಮ್ಮನ್ನು ದಾಟಿ ಹೋಯಿತು. ಬ್ಯಾಂಡಿನವರ ಗಾಡಿ ದಾಟಿ ಹೋಯಿತು. ಅಡುಗೆಯವರ ಸೌಟು ಪಾತ್ರೆಗಳೂ ದಾಟಿ ಹೋದವು. ಅಕ್ಕನ ತಾಳ್ಮೆ ಮುಗಿಯಿತು.

"ಅಕ್ಕಿಕಾಳ ಒಗದು ಜನಾ ಉಂಡ ಮನೀಗೆ ಹೋದಮ್ಯಾಲ ಮದುಮಗನ್ನ ಮುಟ್ಟಸ್ತಿಯೇನು? ಓಡಸೋ!"

ಅಕ್ಕನ ದನಿಯಲ್ಲಿ ಆ ಟೊಂಕದ ಕಾಲದ ಅಧಿಕಾರ ಇನ್ನೂ ಇತ್ತು. ಓಡಿಸಿದೆ. ಕಾರು ಓಡಿದ ಹಾಗೆ ಗಾಳಿ ಬಾನೆಟ್ಟಿನ ಮೇಲೆ ಹತ್ತಿತು. ಏನೋ ಬಂಗಾರ ಬಣ್ಣದ್ದು ಗಾಜಿನ ಮುಂದೆ ಹಾರಿಹೋದಂತಾಯಿತು, ಚಿಟ್ಟೆ ಎಂದುಕೊಂಡೆ. ಮತ್ತೊಂದು ಹಾರಿತು, ಚಿಟ್ಟೆಗಳ ಕಾಲವಿರಬೇಕು ಎಂದುಕೊಂಡೆ. ಎದುರಿನಿಂದ ಬಂದ ಟ್ರ್ಯಾಕ್ಟರಿನವನು ನಮ್ಮ ಕಡೆ ಕೈ ಮಾಡಿ ಏನೋ ಕೂಗಿದ. ಮದುಮಗನಿಗೆ ಶುಭ ಕೋರುತ್ತಿದ್ದಾನೆಂದು ನಾವೆಲ್ಲ ನಕ್ಕು ಕೈಬೀಸಿದೆವು. ಅವ್ವ ಕಿಟಕಿಯಿಂದ ಅವನಿಗೆ ಕೈ ಮುಗಿದಳು.

ಕಾರ್ಯಾಲಯದ ಮುಂದೆ ಬೀಗರು ಸಾಲಾಗಿ ನಿಂತಿದ್ದರು, ಬ್ಯಾಂಡು ಬಾರಿಸುತ್ತಿತ್ತು. ನಾನು ಗತ್ತಿನಿಂದ ಕಾರು ನಿಲ್ಲಿಸಿದೆ. ಮೊದಲು ತುತೂರಿಯವನು ನಿಂತ. ಆಮೇಲೆ ಡ್ರಮ್ಮಿನವನು. ಎಲ್ಲರ ಕಣ್ಣೂ ನಮ್ಮ ಬಾನೆಟ್ಟಿನ ಮೇಲಿತ್ತು. ಇಳಿದು ನೋಡಿದೆ. ಕೆಳಗಿನ ಸಾಲು ಪೂರ್ತಿ ಹಾರಿಹೋಗಿತ್ತು. ಮೇಲಿನ ಸಾಲಿನ 'ಶಿವಾ'ವೂ ಹೋಗಿತ್ತು. ಹೂಮಾಲೆಯ ಕೆಳಗೆ ಸಿಕ್ಕಿ ಉಳಿದದ್ದು ಎರಡೇ ಅಕ್ಷರ: 'ನಂದ'.

ಬೇರೆ ಕಡೆಯಾಗಿದ್ದರೆ ಜನ ಅದನ್ನು ಯಾರದೋ ಹೆಸರೆಂದು ಓದುತ್ತಿದ್ದರು. ನಮ್ಮ ಕಡೆ 'ನಂದ' ಎಂದರೆ ನನ್ನದು. ಬಂಗಾರದ ಬಣ್ಣದಲ್ಲಿ, ಹೂವಿನ ಅಲಂಕಾರದೊಂದಿಗೆ, ಹೊಸ ಕಾರಿನ ಮೇಲೆ: ನನ್ನದು! ಹುಡುಗಿಯ ಕಾಕಾ ಅದನ್ನು ಗಟ್ಟಿಯಾಗಿ ಓದಿ, ನನ್ನ ಹತ್ತಿರ ಬಂದು ಬಹಳ ಗೌರವದಿಂದ, "ಗೊತ್ತೈತ್ರಿ ಯಜಮಾನ್ರ, ನಿಮ್ದ. ನಾವೇನ ಕಸ್ಕೊಳ್ಳಾಂಗಿಲ್ರಿ, ಒಳಗ ಬರ್ರಿ" ಎಂದರು. ನಗೆ ರಸ್ತೆಯಾಚೆಯ ಚಹಾದಂಗಡಿಯವರೆಗೂ ಹಬ್ಬಿತು. ನಾನು ಆ ಎರಡು ಅಕ್ಷರ ಕೀಳಲು ಹೋದೆ. ಅಕ್ಕ ಕೈ ತಡೆದಳು. ಅವಳ ಮುಖ ಕೆಂಪಾಗಿತ್ತು. "ಕೈ ಹಚ್ಚಬ್ಯಾಡ. ಹಂಗ ಇರ್ಲಿ. ನಮ್ಮ ತಮ್ಮ ಎಂಥಾಂವ ಅಂತ ಎಲ್ಲಾರೂ ನೋಡ್ಲಿ" ಎಂದು ಮಗನ ಕೈ ಹಿಡಿದು ಒಳಗೆ ಹೋದಳು.

ಮದುವೆ ಚೆನ್ನಾಗಿ ಆಯಿತು ಎನ್ನುತ್ತಾರೆ. ನಾನು ಕಾರ್ಯಾಲಯದ ಕಂಬದ ಮರೆಯಲ್ಲಿದ್ದೆ. ಉಂಡವರೆಲ್ಲ ಕೈ ತೊಳೆದು ಕಾರಿನ ಮುಂದೆ ನಿಂತು ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು. ಒದ್ದೆ ಕೈಗಳು ಬಾನೆಟ್ಟಿನ ಮೇಲಿದ್ದವು. ಹೋಗಿ ತಡೆಯೋಣವೆಂದರೆ ಆ 'ನಂದ'ದ ಪಕ್ಕದಲ್ಲಿ ಕಾಣಿಸಿಕೊಳ್ಳುವ ಧೈರ್ಯವಿಲ್ಲ. ಕೊನೆಯ ಪಂಕ್ತಿಯಲ್ಲಿ ನಾನು ಊಟಕ್ಕೆ ಕುಳಿತಾಗ ಅಕ್ಕ ಎಲ್ಲರಿಗೂ ಬಡಿಸುತ್ತ ಬಂದು ನನ್ನ ಎಲೆಗೆ ಮಾತ್ರ ಹೋಳಿಗೆ ಹಾಕದೆ ಮುಂದೆ ಹೋದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಎಲೆ ದಾಟಿ ಹೋದದ್ದು ಅದೇ ಮೊದಲು. ಬಾನೆಟ್ಟಿನ ಚಿಂತೆ ಆಗ ನಿಜವಾಗಿಯೂ ಮರೆತುಹೋಯಿತು.

ಹೆಣ್ಣು ಕಳಿಸಿಕೊಡುವ ಹೊತ್ತು ಬಂತು. ಸವಿತಾ ಅಳುತ್ತಿದ್ದಳು, ಅವಳ ತಾಯಿ ಅಳುತ್ತಿದ್ದಳು, ಬೆಳಿಗ್ಗೆ ನಕ್ಕಿದ್ದ ಕಾಕಾ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದರು. ನಾನು ಬಾಗಿಲು ತೆರೆದು ಹಿಡಿದೆ. ಶಿವಾನಂದ ಆಗಲೇ ಒಳಗೆ ಕುಳಿತಿದ್ದ. ಸೆರಗಿನಿಂದ ಕಣ್ಣೊರೆಸಿಕೊಂಡ ಹುಡುಗಿಯ ದೃಷ್ಟಿ ಬಾನೆಟ್ಟಿನ ಮೇಲೆ ಬಿತ್ತು. ನಿಂತು ಓದಿದಳು. ನನ್ನನ್ನು ನೋಡಿದಳು.

"ಇದೇನ್ರಿ ಮಾಮಾ?"

"ಇಲ್ಲವ್ವಾ, ಅದು… ಗಾಳಿಗೆ… ಕೋಟಿಂಗ್…" ಎಂದು ತೊದಲಿದೆ. ಸುತ್ತಲಿನವರ ಅಳು ಅರ್ಧಕ್ಕೆ ನಿಂತಿತು. ಅಕ್ಕ ತಲೆ ತಗ್ಗಿಸಿದಳು. ಸವಿತಾ ಗಾಜಿನೊಳಗೆ ಬಾಸಿಂಗ ಸರಿಪಡಿಸಿಕೊಳ್ಳುತ್ತಿದ್ದ ಗಂಡನನ್ನು ಒಮ್ಮೆ ನೋಡಿ, ಮೂಗು ಏರಿಸಿಕೊಂಡು, "ಬರೋಬ್ಬರಿ ಬರದೈತಿ ಬಿಡ್ರಿ. ಗಾಡಿ ನಿಮ್ದ ಇರ್ಲಿ. ಒಳಗ ಕುಂತದ್ದಷ್ಟ ನಂದ" ಎಂದಳು.

ಮೊದಲು ನಕ್ಕವಳು ಅಕ್ಕ. ನಕ್ಕು ನಕ್ಕು ಬಾಗಿ, ಆಧಾರಕ್ಕೆ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿದಳು, ಬಳೆಗಳು ಕರ್ರೆಂದವು. ನನ್ನ ಕಡೆ ನೋಡಿ, ಬೇಕೆಂದೇ ಇನ್ನೊಮ್ಮೆ ಊರಿದಳು. ಆಮೇಲೆ ಒಳಗಿನಿಂದ ಎರಡು ಹೋಳಿಗೆ ತರಿಸಿ, ಎಲ್ಲರ ಮುಂದೆ ತಾನೇ ನನ್ನ ಬಾಯಿಗೆ ತುರುಕಿದಳು. ತುಪ್ಪದ ಕೈಯನ್ನು ಎಲ್ಲಿ ಒರೆಸಿದಳೆಂದು ಹೇಳುವ ಅಗತ್ಯವಿಲ್ಲ.

ಆ ಬಳೆಯ ಗೀರು ಈಗಲೂ ಇದೆ. ಸಚಿನ್ ಅದನ್ನು ತೆಗೆದುಕೊಡುತ್ತೇನೆಂದ, ಬೇಡವೆಂದೆ. ಈಗ ಕಾರನ್ನು ಯಾರು ಕೇಳಿದರೂ ಕೊಡುತ್ತೇನೆ, ಬೂದಿ ಬಿದ್ದರೆ ಬೀಳಲಿ ಎನ್ನುತ್ತೇನೆ. ಸುಧಾರಿಸಿದ ಮನುಷ್ಯ ಎಂದು ನನ್ನ ಬಗ್ಗೆ ಮತ್ತೆ ನಾನೇ ತಿಳಿದುಕೊಳ್ಳುವಷ್ಟರಲ್ಲಿ, ಮೊನ್ನೆ ಮನೆಗೆ ಹೊಸ ಸೋಫಾ ಬಂತು. ತಿಳಿ ಕೆನೆ ಬಣ್ಣದ್ದು. ಅದರ ಪ್ಲಾಸ್ಟಿಕ್ಕನ್ನು ಸದ್ಯಕ್ಕೆ ತೆಗೆಯುವುದು ಬೇಡವೆಂದು ಗೀತಾಳಿಗೆ ಹೇಳಿದ್ದೇನೆ. ಶಿವಾನಂದ ಸವಿತಾ ಊಟಕ್ಕೆ ಬಂದಿದ್ದರು. ಸವಿತಾ ಕುಳಿತ ಕೂಡಲೇ ಬರ್ ಎಂದು ಸದ್ದಾಗಿ, ಅವಳು ಒಂದು ಗೇಣು ಮುಂದೆ ಜಾರಿದಳು.

"ಮಾಮಾ, ಇದಕ್ಕೂ ಕೋಟಿಂಗ್ ಮಾಡ್ಸೀರೇನು?" ಎಂದು ನಕ್ಕಳು.

ಎಲ್ಲರೂ ನಕ್ಕರು. ನನಗೆ ನಗಲು ಪುರಸೊತ್ತಿರಲಿಲ್ಲ. ನಾನು ಅವಳ ಕೈಯಲ್ಲಿದ್ದ ಚಹಾದ ಕಪ್ಪನ್ನೇ ನೋಡುತ್ತಿದ್ದೆ.