ಎಂಜಿನ್ನಿನ ಬಡಿತವೂ ನನ್ನ ಬಾಯಿಯೂ

ವಾದದಲ್ಲಿ ಗೆಲ್ಲುವುದು ಸುಲಭ. ಗೆದ್ದ ಮೇಲೆ ಆ ಗೆಲುವಿನ ಜೊತೆ ಸಂಸಾರ ಮಾಡುವುದು ಕಷ್ಟ. ಸಾಕ್ಷ್ಯವಿಲ್ಲದೆ ದೇವರನ್ನೂ ಒಪ್ಪದ ನಾನು ಈ ಮಾತನ್ನು ಒಪ್ಪಿದ್ದು ನನ್ನ ಕಾರಿನ ದೆಸೆಯಿಂದ. ಕಂಪನಿಯವರು ಕೊಟ್ಟ, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೋ ಸಾಲದೆಂದು ದೊಡ್ಡದೊಂದನ್ನು ಹಾಕಿಸಿದವನು ನಾನು, ಹಾಕಿದವನು ಇಮ್ರಾನ್. ತರೀಕೆರೆಯಲ್ಲಿ ಗ್ಯಾರೇಜು ಇಟ್ಟಿರುವ ಇವನು ಹೈಸ್ಕೂಲಿನಲ್ಲಿ ನನ್ನ ಚರ್ಚಾ ತಂಡದ ಜೊತೆಗಾರ. ಕಡೂರಿನ ಸ್ಪರ್ಧೆಗಳಿಗೆ ಬೆಳಗಿನ ರೈಲಿನಲ್ಲಿ ಹೋಗುತ್ತಿದ್ದೆವು. ಅವನ ಅಮ್ಮಿ ಕಟ್ಟಿಕೊಟ್ಟ ಪರೋಟವನ್ನು ಬೀರೂರು ಬರುವಷ್ಟರಲ್ಲಿ ನಾನೇ ಖಾಲಿ ಮಾಡುತ್ತಿದ್ದೆ. ವೇದಿಕೆ ಹತ್ತಿದ ಮೇಲೆ ಅವನ ಪಾಲಿನ ಸಮಯವನ್ನೂ.

ಕಾರಿನ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತನ್ನು, ಎರಡು ಡಿಗ್ರಿ ಮುಂದೆ ಮಾಡು ಎಂದು ನಾನು. ಬೇಡ ಎಂದು ಅವನು. ಕಿಡಿ ತುಸು ಬೇಗ ಹಾರಿದರೆ ಗಾಡಿಗೆ ಕಸುವು ಬರುವುದು ನಿಜ. ಅತಿ ಬೇಗ ಹಾರಿದರೆ ಪೆಟ್ರೋಲು ಹತೋಟಿ ತಪ್ಪಿ ಸಿಡಿದು ಪಿಸ್ಟನ್ನಿನ ತಲೆಗೇ ಬಡಿಯುತ್ತದೆ, ಎದುರಾಳಿ ವಾಕ್ಯ ಮುಗಿಸುವ ಮೊದಲೇ ಎದ್ದು ನಿಲ್ಲುವವನಂತೆ.

"ನಮ್ಮೂರ್ ಮಧ್ಯಾಹ್ನದ ಬಿಸ್ಲಿಗೆ ಇದು ತಡ್ಯಲ್ಲ ಕಣೋ, ಪಿಸ್ಟನ್ ತೂತಾಗ್ಬಿಡುತ್ತೆ," ಎಂದ. ನಾನು ಅರ್ಧ ಗಂಟೆ ವಾದಿಸಿದೆ. ಅವನು ಸುಸ್ತಾಗಿ, ಎಂಜಿನ್ನಿಗೆ ತಂತಿ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ನಾನು ಹೇಳಿದ ಅಂಕಿಯನ್ನೇ ಒತ್ತಿದ.

ವಾರ ಕಳೆದು ಅದೇ ಲ್ಯಾಪ್‌ಟಾಪು ಬಡಿತ ಶುರುವಾಗಿದೆ ಎಂದಿತು. ಬಡಿತ ಪತ್ತೆಹಚ್ಚುವ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದೆ. ಯಾವುದೋ ಸಡಿಲ ತಗಡಿನ ಸದ್ದು ಎಂದೆ. ಇಮ್ರಾನ್ ತಗಡುಗಳನ್ನೆಲ್ಲ ಬಿಗಿ ಮಾಡಿದ. ಪೆಟ್ರೋಲೇ ಸರಿಯಿಲ್ಲ ಎಂದೆ. ಬೇರೆ ಬಂಕಿನದು ತುಂಬಿಸಿದ. ಜಪ್ಪಯ್ಯ ಅಂದರೂ ಲ್ಯಾಪ್‌ಟಾಪು ಪಟ್ಟು ಬಿಡಲಿಲ್ಲ. "ನನ್ನ ಕಿವಿಗೆ ಒಂದು ದಿನವೂ ಕೇಳಿಸಿಲ್ಲವಲ್ಲ?" ಎಂದು ಕೊನೆಯ ಅಸ್ತ್ರ ಬಿಟ್ಟೆ.

"ಹೆಂಗ್ ಕೇಳ್ಸುತ್ತೋ? ಕಾರ್ ಹತ್ತಿದ್ ಗಳಿಗೆಯಿಂದ ಇಳಿಯೋ ತನ್ಕ ನೀನೇ ಮಾತಾಡ್ತಿರ್ತೀಯ! ಬಾ, ಅಜ್ಜಂಪುರ ತನ್ಕ ಹೋಗ್ಬರೋಣ. ಬಾಯ್ ಬಿಟ್ಯೋ, ಅಲ್ಲೇ ಇಳ್ದು ಬಸ್ಸಲ್ಲಿ ವಾಪಸ್ ಬತ್ತೀನಿ, ಇನ್ಮೇಲೆ ನಿನ್ ಗಾಡಿ ಮುಟ್ಟಲ್ಲ. ನಾಳೆ ಎಂಜಿನ್ ಹೋದ್ರೆ ಜನ ನಿನ್ ವಾದ ಕೇಳಲ್ಲಪ್ಪಾ, ನನ್ ಗ್ಯಾರೇಜಿನ್ ಹೆಸ್ರು ಹೇಳ್ತಾರೆ."

ಉರಿಬಿಸಿಲಲ್ಲಿ ಹೊರಟೆವು. ಅಮೃತಾಪುರದ ಕಡೆ ತಿರುಗುವವರೆಗೂ ತುಟಿ ಕಚ್ಚಿ ಓಡಿಸಿದೆ. ಪಕ್ಕದಲ್ಲಿ ಕೂತ ಇಮ್ರಾನ್ ಸಣ್ಣಗೆ ಏನೋ ಗುನುಗುತ್ತಾನೆ ಎಂಬುದು ನನಗೆ ಗೊತ್ತಾದದ್ದೇ ಆವತ್ತು. ಆ ಕಡೂರಿನ ರೈಲಿನಲ್ಲೂ ಗುನುಗುತ್ತಿದ್ದನೋ ಏನೋ; ನೆನಪಿರಬೇಕಾದರೆ ಆಗ ಕೇಳಿಸಿಕೊಂಡಿರಬೇಕಲ್ಲ! ಏರು ಬಂತು. ಮೂರನೇ ಗೇರಿನಲ್ಲೇ ಒತ್ತಿ ತುಳಿದೆ. ಡಬ್ಬಿಯಲ್ಲಿ ಕಡಲೆಕಾಳು ಕುಲುಕಿದ ಹಾಗೆ ಸದ್ದು. ಕಾಲೆತ್ತಿದೆ, ನಿಂತಿತು. ತುಳಿದೆ, ಮತ್ತೆ ಬಂತು.

ಗಾಡಿ ಪಕ್ಕಕ್ಕೆ ಹಾಕಿ, "ನೀನು ಹೇಳಿದ್ದೇ ಸರಿ," ಎಂದೆ.

"ಎಂಜಿನ್ ಆಫ್ ಮಾಡಿ ಇನ್ನೊಂದ್ಸಲ ಹೇಳೋ, ಸರಿಯಾಗ್ ಕೇಳ್ಸಲಿ."

ಹೇಳಿದೆ. ಜೊತೆಗೆ ತಂದಿದ್ದ ಲ್ಯಾಪ್‌ಟಾಪು ಬಿಚ್ಚಿ ಅಲ್ಲೇ ಎರಡು ಡಿಗ್ರಿ ಹಿಂದಕ್ಕೆ ತಂದ. ಹಿಂದೆ ಹೋಗಿ ಅದೇ ಏರನ್ನು ಮತ್ತೆ ಹತ್ತಿಸಿದರೆ, ಎಂಜಿನ್ ಗಪ್‌ಚಿಪ್.

ಅಜ್ಜಂಪುರದವರೆಗೂ ಅವನೇ ಮಾತಾಡಿದ. ಈ ಎಂಜಿನ್ನಿಗೆ ಇನ್ನೂ ಚಿಕ್ಕ ಟರ್ಬೋ ಸಾಕಿತ್ತಂತೆ. ಮೊದಲ ದಿನವೇ ಹೇಳಬೇಕೆಂದಿದ್ದನಂತೆ. ಅದಕ್ಕೆ ನನ್ನ ಬಳಿ ಗಟ್ಟಿಯಾದ ನಾಲ್ಕು ಖಂಡನೆಗಳಿದ್ದವು. ಮೂರನ್ನು ನುಂಗಿಕೊಂಡೆ.