ಕಲ್ಲುಗೋಡೆ ತೇಲಿ ಬಂದ ದಿನ

"ಇವತ್ತು ಲಂಗರು ಹಾಕೋನು ನಾನೊಬ್ಬನೇ! ನೀನು ಸ್ಟೀರಿಂಗ್ ಮುಟ್ಟಬೇಡ, ಗೇರ್ ಮುಟ್ಟಬೇಡ. ಸುಮ್ನೆ ಕೂತು ನೋಡು. ತಪ್ಪು ಯಾರದು ಅಂತ ಇತ್ಯರ್ಥ ಆಗಿಹೋಗ್ಲಿ!"

ಹೀಗೆಂದು ಬ್ರೇಕ್ ಸಾಹೇಬರು ತಮ್ಮ ಮೂವತ್ತಡಿ ದೋಣಿಯ ಮೇಲೆ ಎದೆಯುಬ್ಬಿಸಿ ನಿಂತಾಗ ಬೆಳಗಿನ ಹತ್ತು ಗಂಟೆ. ಸಾಹೇಬರು ಮೂವತ್ತು ವರ್ಷ ಡ್ರೈವಿಂಗ್ ಪರೀಕ್ಷೆ ಮಾಡಿ ಜನರನ್ನು ಫೇಲು ಮಾಡಿದವರು. ಪಕ್ಕದ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕನ್ನು ತುಳಿದೂ ತುಳಿದೂ ಆ ಹೆಸರು ಅಂಟಿಕೊಂಡಿತ್ತು. ನಿವೃತ್ತರಾದ ಮೇಲೆ ಮನೆಗೆ ಬೀಗ ಹಾಕಿ, ಹೆಂಡತಿಯನ್ನು ಕರೆದುಕೊಂಡು ದೋಣಿ ಹತ್ತಿದ್ದರು. ಎರಡು ವರ್ಷದಿಂದ ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಅಲ್ಲೇ ಜಗಳ.

ಜಗಳಕ್ಕೆ ವಿಷಯ ಒಂದೇ, ಲಂಗರು. ಸಾಹೇಬರು ದೋಣಿಯ ಮೂತಿಯಲ್ಲಿ ನಿಂತು ಅದನ್ನು ಇಳಿಬಿಡುತ್ತಿದ್ದರು, ಹೆಂಡತಿ ಹಿಂದೆ ಸ್ಟೀರಿಂಗ್ ಹಿಡಿಯುತ್ತಿದ್ದರು. ಎರಡು ದಿನಕ್ಕೊಮ್ಮೆ ಲಂಗರು ತಳ ಕಚ್ಚದೆ ಜಾರುತ್ತಿತ್ತು. ಜಾರಿದಾಗಲೆಲ್ಲ "ಯಾರೇ ನಿನಗೆ ಲೈಸೆನ್ಸ್ ಕೊಟ್ಟೋರು?" ಎಂಬ ಗರ್ಜನೆ ಇಡೀ ಕೊಲ್ಲಿಗೆ ಕೇಳಿಸುತ್ತಿತ್ತು. ಹೆಂಡತಿ ಮೊದಮೊದಲು ತಿರುಗಿ ಬೈದರು. ಆಮೇಲೆ ಅತ್ತರು. ಈಚೆಗೆ ಬೈಗುಳವೂ ಇಲ್ಲ, ಅಳುವೂ ಇಲ್ಲ. ತಪ್ಪು ತಮ್ಮದೇ ಎಂದು ನಂಬಿಬಿಟ್ಟಿದ್ದರು.

"ಆಯ್ತು ರೀ," ಎಂದರು ಈಗ. "ನೀವೊಬ್ರೇ ಹಾಕಿ. ದೋಣಿ ಅಲ್ಲಾಡದೆ ನಿಂತ್ರೆ ತಪ್ಪು ನನ್ನದೇ ಅಂತಾಯ್ತು. ನಾಳೆ ನಾನು ಇಳಿದು ಅಕ್ಕನ ಮನೆಗೆ ಹೋಗ್ತೀನಿ. ನೀವು ಆರಾಮಾಗಿರಿ."

"ಆಗ್ಲಿ! ತಪ್ಪು ಯಾರದೋ ಅವರು ಇಳೀಲಿ!" ಎಂದುಬಿಟ್ಟರು ಸಾಹೇಬರು. ಹೇಳಿದ ಮೇಲೆ ಹೊಳೆಯಿತು. ಪರೀಕ್ಷೆಯಲ್ಲಿ ತಾವು ಪಾಸಾದರೆ ಮನೆಯಾಕೆ ಹೊರಟುಹೋಗುತ್ತಾಳೆ! ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡು ಅವರಿಗೆ ಅಭ್ಯಾಸವಿರಲಿಲ್ಲ. ಹೆಂಡತಿ ಕೆಳಗೆ ಹೋಗಿ, ಅಕ್ಕನಿಗೆ ಫೋನು ಮಾಡಿ ತಿಳಿಸಿ, ಸೀರೆ ಮಡಚತೊಡಗಿದರು.

ಹಿಂದಿನ ದಿನವಷ್ಟೇ ದೋಣಿಯನ್ನು ದಡದ ದಕ್ಕೆಗೆ ಕಟ್ಟಿ ನಿಲ್ಲಿಸಿ, ಸಾಹೇಬರು ಲಂಗರಿನ ಐವತ್ತು ಮೀಟರು ಸರಪಳಿಯನ್ನು ಪೆಟ್ಟಿಗೆಯಿಂದ ಪೂರ್ತಿ ಹೊರಗೆಳೆದು, ಹತ್ತು ಹತ್ತು ಮೀಟರಿಗೆ ಒಂದೊಂದು ಬಣ್ಣ ಬಳಿದಿದ್ದರು. ಎಷ್ಟು ಇಳಿಯಿತೆಂದು ಲೆಕ್ಕ ತಪ್ಪಬಾರದಲ್ಲ! ಮೂತಿಯಲ್ಲಿ ನಿಂತು ಹಿಡಿ ಸಡಿಲಿಸಿದರು. ಲಂಗರು ಧುಡುಮ್ಮೆಂದು ನೀರಿಗೆ ಬಿತ್ತು. ಸರಪಳಿ ಗರಗರ ಓಡಿತು. ಕೆಂಪು ಹೋಯಿತು, ಹಳದಿ ಹೋಯಿತು, ಹಸಿರು ಹೋಯಿತು. ಆಹಾ, ಏನು ಚಂದ! ಬಿಳಿ ಹೋಯಿತು, ನೀಲಿಯೂ ಹೋಯಿತು. ನೀಲಿಯ ಹಿಂದೆಯೇ ಸರಪಳಿಯ ತುದಿ ಚಂಗನೆ ನೆಗೆದು, ಪುಳಕ್ಕೆಂದು ನೀರಿಗಿಳಿದು, ಕಣ್ಮರೆಯಾಯಿತು.

ಬಣ್ಣ ಬಳಿಯಲು ಬಿಚ್ಚಿದ ತುದಿಯನ್ನು ಪೆಟ್ಟಿಗೆಯ ಬಳೆಗೆ ಮತ್ತೆ ಕಟ್ಟುವುದನ್ನೇ ಸಾಹೇಬರು ಮರೆತಿದ್ದರು.

"ಏನಾಯ್ತು ರೀ? ಕಚ್ಚಿತಾ?" ಒಳಗಿನಿಂದ ಹೆಂಡತಿಯ ದನಿ.

ಆಗಲೇ ಬಾಯಿ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೆಂಡತಿಯೂ ಉಳಿಯುತ್ತಿದ್ದರು. ಆದರೆ ಸಾವಿರಾರು ಜನರನ್ನು ಫೇಲು ಮಾಡಿದ ನಾಲಿಗೆ "ನಾನು ಫೇಲು" ಎನ್ನಲು ಹೊರಳೀತೇ? "ಕಚ್ಚಿತು! ಬಂಡೆ ಹಾಗೆ ನಿಂತಿದೆ!" ಎಂದಿತು.

"ಸರಿ ಹಾಗಾದ್ರೆ," ಎಂದರು ಹೆಂಡತಿ. ಆ ದನಿ ಸಣ್ಣಗಾಗಿದ್ದು ಸಾಹೇಬರಿಗೆ ಚೆನ್ನಾಗಿ ಕೇಳಿಸಿತು. ಹಿಡಿತವಿಲ್ಲದ ದೋಣಿ ಗಾಳಿಗೆ ಸರಿಯತೊಡಗಿತ್ತು. ಎಂಜಿನ್ ಚಾಲೂ ಮಾಡಿದರೆ ಗುಟ್ಟು ರಟ್ಟಾಗುತ್ತದೆ. ಇನ್ನೊಂದು ಲಂಗರು ಇದೆ, ಆದರೆ ಹೆಂಡತಿ ಕೂತು ಸೀರೆ ಮಡಚುತ್ತಿರುವ ಮಂಚದ ಕೆಳಗೇ ಇದೆ! ಸಾಹೇಬರು ಏನೂ ಆಗದವರಂತೆ ಕುರ್ಚಿ ಎಳೆದುಕೊಂಡು ಪೇಪರು ಬಿಡಿಸಿದರು. ಪೇಪರು ತಲೆಕೆಳಗಾಗಿತ್ತು.

ಸ್ವಲ್ಪ ಹೊತ್ತಿಗೆ ಹೆಂಡತಿ ಟೀ ಲೋಟ ಹಿಡಿದು ಮೇಲೆ ಬಂದರು. "ರೀ, ಟೈಲರಮ್ಮನ ದೋಣಿ ಇಷ್ಟು ಹತ್ತಿರ ಇತ್ತಾ?"

ಟೈಲರಮ್ಮ ಹಾಯಿ ಹೊಲಿಯುವಾಕೆ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ತನ್ನ ದೋಣಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಪೋಣಿಸುವುದೂ ಕಾಣುವಷ್ಟು ಹತ್ತಿರ!

"ಅವರ ಲಂಗರು ಜಾರ್ತಿದೆ ಕಣೇ," ಎಂದರು ಸಾಹೇಬರು. "ನಮ್ಮ ಮೇಲೆ ಬರ್ತಿದ್ದಾರೆ."

"ಅಯ್ಯೋ, ಹೇಳ್ರೀ ಮತ್ತೆ ಅವರಿಗೆ!"

ಹೇಳಲೇಬೇಕಾಯಿತು. ಅದೂ ವೈರ್‌ಲೆಸ್‌ನಲ್ಲಿ, ಕೊಲ್ಲಿಯ ಎಲ್ಲ ದೋಣಿಗಳಿಗೂ ಕೇಳಿಸುವಂತೆ. "ಟೈಲರಮ್ಮ, ಗಮನ ಎಲ್ಲಿದೆ? ನಿಮ್ಮ ದೋಣಿ ಜಾರ್ತಿದೆ! ಬೇಗ ಲಂಗರು ಎತ್ತಿ ಬೇರೆ ಕಡೆ ಹಾಕಿ!"

ಟೈಲರಮ್ಮ ಕನ್ನಡಕದ ಮೇಲಿಂದ ಇತ್ತ ನೋಡಿದಳು. ಆಮೇಲೆ, "ಹೌದಾ ಸಾರ್? ಆಗ್ಲಿ ಸಾರ್," ಎಂಬ ಮೆತ್ತನೆಯ ಉತ್ತರ. ಟೈಲರಮ್ಮ ಹೊಲಿಗೆ ಬದಿಗಿಟ್ಟು, ಗಟ್ಟಿಯಾಗಿ ನಿಂತಿದ್ದ ತನ್ನ ಲಂಗರನ್ನು ಉಸ್ಸುಬುಸ್ಸೆಂದು ಎತ್ತಿ ಜಾಗ ಬಿಟ್ಟುಕೊಟ್ಟಳು.

ಗಾಳಿಗೇನು ನಾಚಿಕೆಯೇ? ದೋಣಿಯನ್ನು ಇನ್ನಷ್ಟು ತಳ್ಳಿತು. ಮುಂದೆ ಸಿಕ್ಕಿದ್ದು ಹಲ್ಲಿನ ಡಾಕ್ಟರ ದೋಣಿ. "ಡಾಕ್ಟ್ರೇ, ನೀವೂ ಜಾರ್ತಿದ್ದೀರಿ!" ಅವರೂ ಕೆಮ್ಮಿ, ಎತ್ತಿಕೊಂಡು ಹೋದರು. ಆಮೇಲೆ ಪೋಸ್ಟ್‌ಮಾಸ್ಟರು. ಸೊಂಟ ನೋವಿನ ಮುದುಕರು, ಒಂದೊಂದೇ ಕೊಂಡಿ ಎಳೆದುಕೊಂಡರು. ಅದನ್ನು ನೋಡಲಾಗದೆ ಸಾಹೇಬರು ತಲೆಕೆಳಗಾದ ಪೇಪರಿನ ಹಿಂದೆ ಅಡಗಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನೋಣವೆಂದರೆ ಅಲ್ಲಿ ಭೂಮಿಯೂ ಇರಲಿಲ್ಲ.

ಭೂಮಿ ಬರುತ್ತಿತ್ತು ಎನ್ನಿ! ಹೆಂಡತಿ ಹಿಂದೆ ನಿಂತು ಸಾವಕಾಶವಾಗಿ ಕೇಳಿದರು:

"ರೀ, ದಕ್ಕೆಯ ಕಲ್ಲುಗೋಡೇನೂ ಲಂಗರು ಕಿತ್ಕೊಂಡು ಬರ್ತಿದೆ. ಅದಕ್ಕೂ ವೈರ್‌ಲೆಸ್ ಮಾಡ್ತೀರಾ?"

ಸಾಹೇಬರು ಪೇಪರು ಇಳಿಸಿದರು. ಎದುರಿಗೇ ಗೋಡೆ! ಕಾಲು ತಾನಾಗಿ ಇಲ್ಲದ ಬ್ರೇಕನ್ನು ತುಳಿಯಿತು. ಪುಣ್ಯಕ್ಕೆ ದಕ್ಕೆಯ ಕೂಲಿಗಳು ಹಗ್ಗ ಹಿಡಿದರು, ಗೋಡೆಗೆ ಕಟ್ಟಿದ ಹಳೆಯ ಟೈರುಗಳು ಏಟು ತಡೆದವು. ಹೆಂಡತಿ ನೇರ ಮೂತಿಗೆ ಹೋಗಿ ಪೆಟ್ಟಿಗೆ ತೆರೆದರು.

"ಸರಪಳಿ ಎಲ್ಲಿ?"

"ಕೆಳಗೆ."

"ಕೆಳಗೆ ಅಂದ್ರೆ?"

"ನೀರಲ್ಲಿ."

"ಪೂರ್ತಿನಾ?"

"ಪೂರ್ತಿ. ಬಣ್ಣದ ಸಮೇತ."

"ಯಾವಾಗ?"

"ಹಾಕಿದಾಗ್ಲೇ."

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಾನು ಒಳಗೆ ಸೀರೆ ಮಡಚ್ತಾ ಕೂತಿದ್ದೆ," ಎಂದರು. "ನಿಮಗೆ ಗೊತ್ತಿತ್ತು. ಆದ್ರೂ ನನ್ನನ್ನ ಕಳಿಸಿಬಿಡ್ತಿದ್ರಿ."

ಸಾಹೇಬರಿಗೆ ಮುಖವೆತ್ತಲಾಗಲಿಲ್ಲ. ಹಾಗೆಯೇ ವೈರ್‌ಲೆಸ್ ಎತ್ತಿಕೊಂಡರು.

"ಎಲ್ಲ ದೋಣಿಯವರೂ ಕೇಳಿ. ಜಾರಿದ್ದು ನಿಮ್ಮ ದೋಣಿಗಳಲ್ಲ, ನನ್ನದು. ಗೊತ್ತಿದ್ದೂ ಸುಳ್ಳು ಹೇಳಿದೆ. ಎರಡು ವರ್ಷದಿಂದ ಜಾರ್ತಿದ್ದುದಕ್ಕೂ ನಮ್ಮನೆಯವಳು ಕಾರಣ ಅಲ್ಲ. ನಾನೇ. ಕ್ಷಮಿಸಿಬಿಡಿ."

"ಗೊತ್ತಿತ್ತು ಸಾರ್," ಎಂದಳು ಟೈಲರಮ್ಮ. "ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ನಾನೇ ಜಾಗ ಬಿಟ್ಟೆ."

"ನನಗೂ ಗೊತ್ತಿತ್ತು," ಎಂದರು ಡಾಕ್ಟರು.

"ನನಗಂತೂ ಎರಡು ವರ್ಷದಿಂದ ಗೊತ್ತು," ಎಂದರು ಪೋಸ್ಟ್‌ಮಾಸ್ಟರು. "ದೋಣಿ ನಿಲ್ಲೋಕೆ ಮುಂಚೆನೇ ನೀವು ಲಂಗರು ಬಿಟ್ಟುಬಿಡ್ತೀರಿ ಸ್ವಾಮಿ, ಅದು ಹೇಗೆ ಕಚ್ಚುತ್ತೆ? ಅಮ್ಮನವರ ಸ್ಟೀರಿಂಗ್‌ಗೆ ಏನಾಗಿದೆ? ಅದ್ಭುತವಾಗಿ ಓಡಿಸ್ತಾರೆ!"

ಹೆಂಡತಿ ಸಾಹೇಬರ ಕೈಯಿಂದ ವೈರ್‌ಲೆಸ್ ತೆಗೆದು ಆರಿಸಿದರು. "ಎಲ್ರಿಗೂ ಗೊತ್ತಿತ್ತು. ಗೊತ್ತಿಲ್ದೆ ಇದ್ದೋಳು ನಾನೊಬ್ಬಳೇ," ಎನ್ನುವಾಗ ಅವರ ಕಣ್ಣು ತುಂಬಿತ್ತು.

ಆಮೇಲೆ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನು ತೆಗೆದರು. "ಅಕ್ಕಾ, ನಾಳೆ ಬರೋದು ನಾನಲ್ಲ. ತಪ್ಪು ಯಾರದೋ ಅವರು ಇಳೀಬೇಕು ಅಂತ ಮಾತಾಗಿತ್ತು. ನಮ್ಮ ಯಜಮಾನ್ರೇ ಬರ್ತಾರೆ. ಒಂದು ತಿಂಗಳು ಇಟ್ಕೋ."

ಆ ಕಡೆಯಿಂದ ಬಂದ ಚೀರಾಟ ದಕ್ಕೆಯ ಕೂಲಿಗಳಿಗೂ ಕೇಳಿಸಿತು:

"ಅಯ್ಯೋ, ಬೇಡ ಕಣೇ! ನಿನಗೆ ಕೈಮುಗೀತೀನಿ, ನೀನೇ ಇಟ್ಕೋ!"